ಹದಿಮೂರನೆಯ ನುಡಿ

"ನಾಲ್ಕನೆಯ ನುಡಿ" ಎಂದು ನೊರಿಹಿಕೊ ಕೂಗಿದ. ಸಾಲಾಗಿ ನಿಂತಿದ್ದ ಆರು ಜನ ಕೆಲಸಗಾರರು ಎದೆ ಸೆಟೆಸಿ, "ಉಪಕರಣವನ್ನು ದೂರಬೇಡ, ಮನಸ್ಸನ್ನು ಉಜ್ಜು" ಎಂದು ಒಂದೇ ದನಿಯಲ್ಲಿ ಒಪ್ಪಿಸಿದರು. ಅದೇ ಹೊತ್ತಿಗೆ ಮೂರನೇ ಯಂತ್ರದ ಹಿಂದಿನಿಂದ ಠಣ್ಣನೆ ಸ್ಪ್ಯಾನರ್ ಬಿದ್ದ ಸದ್ದು ಬಂತು. ಬಿದ್ದದ್ದೋ ಬೀಳಿಸಿದ್ದೋ ಎಂಬ ಅನುಮಾನ ಕಿಯೊಮಿಗೆ ಇರಲಿಲ್ಲ. ಹಳೆಯ ಕೆಲಸಗಾರ ಇಸೊಬೆಯ ಕೈಯಿಂದ ಸ್ಪ್ಯಾನರ್ ತಾನಾಗಿ ಜಾರಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡವಳಲ್ಲ.

ಅವಳ ಗಂಡ ನೊರಿಹಿಕೊ ಒಮ್ಮೆ ಆ ಕಡೆ ನೋಡಿ, ಕೇಳಿಯೂ ಕೇಳದವನಂತೆ ಐದನೆಯ ನುಡಿಗೆ ಹೋದ. ಒಟ್ಟು ಹನ್ನೆರಡಿದ್ದವು. ದಿನಾ ಬೆಳಗ್ಗೆ ಎಂಟಕ್ಕೆ ರೇಡಿಯೋದ ವ್ಯಾಯಾಮ ಮುಗಿದ ಮೇಲೆ ಹನ್ನೆರಡನ್ನೂ ಒಪ್ಪಿಸಬೇಕು. ಆಮೇಲೆ ಸರದಿಯಂತೆ ಒಬ್ಬರು ಮುಂದೆ ಬಂದು, ಯಾವುದಾದರೊಂದು ನುಡಿ ತಮ್ಮ ಬಾಳನ್ನು ಹೇಗೆ ತಿದ್ದಿತೆಂದು ಮೂರು ನಿಮಿಷ ಮಾತಾಡಬೇಕು. ಪಾಪ, ಎಷ್ಟು ಸಲ ತಾನೇ ತಿದ್ದಿಸಿಕೊಂಡಾರು? ಪ್ಯಾಕಿಂಗ್ ಮಾಡುವ ಒತಾನಿ ತನ್ನ ಅತ್ತೆಯ ಜೊತೆಗಿನ ಒಂದೇ ಜಗಳವನ್ನು ಐದು ನುಡಿಗಳಿಗೆ ಹಂಚಿ ಹೇಳಿದ್ದಳು. ಈಗ ಹೇಳಲು ಜಗಳ ಸಾಲದೆ, ಮನೆಗೆ ಹೋಗಿ ಹೊಸದೊಂದು ತೆಗೆಯಬೇಕು ಎಂದು ಕಿಯೊಮಿಯ ಹತ್ತಿರ ಗೊಣಗಿದ್ದಳು.

ನುಡಿಗಳು ತತ್ಸುನೊ ಅವರವು. ಯುದ್ಧ ಮುಗಿದ ಮೇಲೆ ಕೈಗಾಡಿಯಲ್ಲಿ ಪಾತ್ರೆ ಮಾರಿಕೊಂಡಿದ್ದವರು, ಈಗ ಊರೂರಿನ ಬಚ್ಚಲಲ್ಲಿ ಅವರ ಕಂಪನಿಯ ನೀರು ಕಾಯಿಸುವ ಒಲೆ ಇದೆ. ಎಂಬತ್ತು ದಾಟಿದ ಮೇಲೆ ಸಣ್ಣ ಕಾರ್ಖಾನೆಗಳ ಯಜಮಾನರಿಗೆ ತಾವು ಕಂಡ ದಾರಿ ತೋರಿಸಲು ಚಿಲುಮೆ ಕೂಟ ಎಂಬುದನ್ನು ಕಟ್ಟಿದ್ದರು. ಅದರ ಸದಸ್ಯರು ತಿಂಗಳಿಗೊಮ್ಮೆ ಸೇರಿ ಅವರ ಪುಸ್ತಕ ಓದುತ್ತಾರೆ, ತಪ್ಪೊಪ್ಪಿಕೊಳ್ಳುತ್ತಾರೆ, ಅಳುತ್ತಾರೆ, ಆಮೇಲೆ ಕುಡಿಯುತ್ತಾರೆ. ದಿನಾ ಬೆಳಗ್ಗೆ ತಮ್ಮ ಕಾರ್ಖಾನೆಯ ಪಾಯಿಖಾನೆಯನ್ನು ಬರಿಗೈಯಲ್ಲಿ ತೊಳೆಯುತ್ತಾರೆ. ನೊರಿಹಿಕೊ ಎರಡು ವರ್ಷದಿಂದ ಒಂದು ದಿನವೂ ತಪ್ಪಿಸದೆ ತೊಳೆಯುತ್ತಿದ್ದ. ಓಣಿಯಲ್ಲೆಲ್ಲ ಇಷ್ಟು ಹೊಳೆಯುವ ಪಾಯಿಖಾನೆ ಇನ್ನೊಂದಿಲ್ಲ ಎಂಬುದನ್ನು ಕಿಯೊಮಿ ಒಪ್ಪುತ್ತಿದ್ದಳು. ದಿನಾ ಅದಕ್ಕೆ ಹಾಕುವ ಎರಡು ಗಂಟೆಯನ್ನು ಆ ಮಹಾರಾಯ ಯಂತ್ರಗಳ ಹತ್ತಿರ ಕಳೆದಿದ್ದರೆ ಎಂದು ಮಾತ್ರ ಅವಳ ಹೊಟ್ಟೆ ಉರಿಯುತ್ತಿತ್ತು.

ಯಂತ್ರಗಳು ಮೂರು. ಒಸಾಕಾದ ಪೂರ್ವ ಭಾಗದ ಆ ಓಣಿಯಲ್ಲಿ, ಮನೆಯ ಕೆಳಗೇ ಕಾರ್ಖಾನೆ. ಉಕ್ಕಿನ ತಂತಿ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಸ್ಪ್ರಿಂಗಾಗಿ ಉದುರುತ್ತದೆ. ಹತ್ತು ವರ್ಷದಿಂದ ಅವರು ಮಾಡುತ್ತಿದ್ದುದು ಕೂಸುಗಳನ್ನು ತಳ್ಳಿಕೊಂಡು ಹೋಗುವ ಗಾಡಿಯ ಬ್ರೇಕಿಗೆ ಹಾಕುವ ಸ್ಪ್ರಿಂಗು. ಮೂರನೇ ಯಂತ್ರದಲ್ಲಿ ತಂತಿ ಎಷ್ಟು ಮುಂದೆ ಹೋಗಬೇಕೆಂದು ಅಳೆದು ದೂಡುವ ಒಂದು ಉಕ್ಕಿನ ಬಿಲ್ಲೆ ಇದೆ, ಕಾರ್ಖಾನೆಯವರು ಅದನ್ನು ಕ್ಯಾಮು ಅನ್ನುತ್ತಾರೆ. ಆ ಕ್ಯಾಮು ಸವೆದಿತ್ತು. ಬದಲಾಯಿಸಿ ಎಂದು ಇಸೊಬೆ ಫೆಬ್ರವರಿಯಿಂದ ಹೇಳುತ್ತಿದ್ದ. ಈಗ ಅಕ್ಟೋಬರ್.

ಸಾವಿರಕ್ಕೆ ಮೂರೋ ನಾಲ್ಕೋ ಸ್ಪ್ರಿಂಗು ಕೂದಲೆಳೆಯಷ್ಟು ಉದ್ದ ಬರುತ್ತಿದ್ದವು. ಹಾಗೆ ಬಂದದ್ದು ಬ್ರೇಕನ್ನು ಪೂರ್ತಿ ಹಿಡಿಯುವುದಿಲ್ಲ. ಕಿಯೊಮಿ ದಿನವಿಡೀ ಬೆಂಚಿನ ಮುಂದೆ ಕೂತು ಒಂದೊಂದನ್ನೂ ಅಳತೆಗೆ ಹಾಕಿ ಆರಿಸುತ್ತಿದ್ದಳು. ಆದರೂ ಮಳೆಗಾಲದಲ್ಲಿ ಒಂದು ಪೆಟ್ಟಿಗೆ ವಾಪಸು ಬಂದಿತ್ತು. ರಸ್ತೆಯಲ್ಲಿ ಯಾವ ತಾಯಿಯಾದರೂ ಗಾಡಿ ನಿಲ್ಲಿಸಿ ಬ್ರೇಕು ಒತ್ತುವುದನ್ನು ಕಂಡರೆ, ಅದು ನಿಂತಿತೋ ಇಲ್ಲವೋ ಎಂದು ನೋಡದೆ ಅವಳಿಗೆ ಮುಂದಕ್ಕೆ ಹೆಜ್ಜೆ ಇಡಲಾಗುತ್ತಿರಲಿಲ್ಲ.

ಹೊಸ ಕ್ಯಾಮು ಹಾಕಲು ಎರಡು ದಿನ ಯಂತ್ರ ನಿಲ್ಲಿಸಬೇಕು, ಪಕ್ಕದ ಓಣಿಯಲ್ಲಿ ಲೇತಿನ ಮೇಲೆ ಉಕ್ಕು ಕಡೆದು ಕೊಡುವ ಕಡೆತದವನಿಗೆ ಕಾಗದ ಬರೆದು ಕೊಡಬೇಕು. ಯಜಮಾನನ ಮೊಹರು ಬೀಳದೆ ಆ ಕಾರ್ಖಾನೆಗೆ ಎಣ್ಣೆಯ ಡಬ್ಬಿಯೂ ಬರುವಂತಿಲ್ಲ. ಇಸೊಬೆ ಕೇಳಿದಾಗಲೆಲ್ಲ ನೊರಿಹಿಕೊ ನಾಲ್ಕನೆಯ ನುಡಿ ಹೇಳುತ್ತಿದ್ದ. ಕಿಯೊಮಿ ಕೇಳಿದರೆ ಒಂಬತ್ತನೆಯದು ಹೇಳುತ್ತಿದ್ದ: ಅವಸರದಲ್ಲಿ ತೆಗೆದ ತೀರ್ಮಾನ ಹಸಿ ಅನ್ನವಿದ್ದಂತೆ. ಎಂಟು ತಿಂಗಳು ಬೇಯದ ಅನ್ನ ಯಾವುದಪ್ಪಾ ಎಂದು ಅವಳು ಕೇಳಿದ್ದಳು. ಗೋಡೆಗೆ ಹೇಳಿದ್ದರೆ ಅದಾದರೂ ಮಾತನ್ನು ತಿರುಗಿ ಹೇಳುತ್ತಿತ್ತೇನೋ.

ಆ ಬೆಳಗ್ಗೆ ಒಪ್ಪಿಸುವುದೆಲ್ಲ ಮುಗಿದ ಮೇಲೆ ಇಸೊಬೆ ಅವಳ ಬೆಂಚಿನ ಹತ್ತಿರ ಬಂದ. ಎಪ್ಪತ್ತು ವರ್ಷದ ಮುದುಕ. ಹದಿನೈದಕ್ಕೆ ಅವಳ ಅಪ್ಪನ ಕೈಕೆಳಗೆ ಸೇರಿದವನು, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿ ಸುತ್ತಿದವನು. ಯಂತ್ರದ ಸದ್ದು ಕೇಳಿಯೇ ತಂತಿ ಬಿಗಿಯೋ ಸಡಿಲವೋ ಹೇಳಬಲ್ಲವನು ಆ ಕಾರ್ಖಾನೆಯಲ್ಲಿ ಅವನೊಬ್ಬನೇ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಕಿಯೊ, ಈ ತಿಂಗ್ಳು ಮುಗಿದ್ಮೇಲೆ ನಾನು ಬರಲ್ಲ."

ಅವಳು ಕೈಯಲ್ಲಿದ್ದ ಸ್ಪ್ರಿಂಗನ್ನು ಕೆಳಗಿಟ್ಟಳು. "ನೀನು ಹೋದ್ರೆ ಬಾಗಿಲು ಹಾಕ್ಬೇಕಾಗತ್ತೆ ಮಾಮ. ಯಂತ್ರಗಳು ನಿನ್ನ ಮಾತು ಬಿಟ್ಟು ಯಾರ ಮಾತೂ ಕೇಳಲ್ಲ."

"ನನ್ನ ಮಾತು ಯಂತ್ರ ಕೇಳತ್ತೆ, ಯಜಮಾನ್ರು ಕೇಳಲ್ಲ. ಹೇಳಿ ಹೇಳಿ ಕ್ಯಾಮಿಗಿಂತ ನನ್ನ ಬಾಯೇ ಹೆಚ್ಚು ಸವೀತು. ನಾಳೆ ಒಂದು ಕೂಸಿನ ಗಾಡಿ ಇಳಿಜಾರಲ್ಲಿ ಹೋದ್ರೆ, ಆಗ ನಾನು ಯಾವ ಮನಸ್ಸನ್ನ ಉಜ್ಲಿ?"

ಮುದುಕ ಟೋಪಿ ಹಾಕಿಕೊಂಡು ಹೋದ.

ಗಂಡನಿಗೆ ಹೇಳಿದರೆ ಅವನು ಬೇರೆಯದೇ ಸಂಭ್ರಮದಲ್ಲಿದ್ದ. ಕೂಟದ ದೊಡ್ಡ ಸಭೆ ಇಪ್ಪತ್ತಕ್ಕೆ, ಕ್ಯೋಟೋದಲ್ಲಿ. ಆರು ನೂರು ಯಜಮಾನರ ಮುಂದೆ, ತತ್ಸುನೊ ಅವರ ಎದುರಿಗೆ, ತನ್ನ ಅನುಭವ ಹೇಳಲು ಅವನನ್ನು ಆರಿಸಿದ್ದರು. ಹಟಮಾರಿ ಹಿರಿಯ ಕೆಲಸಗಾರನೊಬ್ಬನ ಮನಸ್ಸನ್ನು ನುಡಿಗಳ ಬಲದಿಂದ ಹೇಗೆ ಗೆದ್ದೆ ಎಂಬುದು ವಿಷಯ. ಗೆದ್ದವನೂ ಮನಸೋತವನೂ ಒಟ್ಟಿಗೆ ವೇದಿಕೆ ಹತ್ತಿ ಬಾಗುವುದು ಅಲ್ಲಿಯ ಪದ್ಧತಿ. ಆದ್ದರಿಂದ ಇಸೊಬೆಯನ್ನು ಹೇಗಾದರೂ ಮಾಡಿ ಒಪ್ಪಿಸಿ ಕರೆದುಕೊಂಡು ಬಾ ಎಂದು ನೊರಿಹಿಕೊ ಹೆಂಡತಿಯನ್ನು ಕೇಳಿಕೊಂಡ.

"ನೀವು ಅವನನ್ನ ಗೆದ್ದಿದ್ದು ಯಾವಾಗ?" ಎಂದಳು.

"ಗೆಲ್ತೀನಿ. ಮೊದಲು ಗೆದ್ದೆ ಅಂತ ನಂಬಬೇಕು, ಆಮೇಲೆ ಗೆಲುವು ತಾನಾಗೇ ಬರತ್ತೆ. ಅದು ಏಳನೇ ನುಡಿ."

ಅವಳಿಗೆ ಅನ್ನದ ಬಟ್ಟಲನ್ನು ಅವನ ತಲೆಗೆ ಮಗುಚಬೇಕು ಅನ್ನಿಸಿತು. ಮಗುಚಲಿಲ್ಲ. ಅವನ ಮೇಲೆ ಅವಳಿಗೆ ಸಿಟ್ಟಿನಷ್ಟೇ ಕನಿಕರವೂ ಇತ್ತು, ಎರಡೂ ಸೇರಿ ಅವಳನ್ನು ಹಣ್ಣು ಮಾಡಿದ್ದವು. ನೊರಿಹಿಕೊ ಮನೆ ಅಳಿಯ. ಶಾಲೆಗಳಿಗೆ ಸೀಮೆಸುಣ್ಣ, ನಕಾಶೆ ಮಾರುತ್ತಿದ್ದವನು ತನ್ನ ಮನೆತನದ ಹೆಸರು ಬಿಟ್ಟು ಮಾವನ ಹೆಸರು ಹಚ್ಚಿಕೊಂಡು ಬಂದಿದ್ದ. ಅವನು ಬಂದ ದಿನ ಅವಳ ಅಪ್ಪ "ನೋಡಿ ಕಲಿ" ಎಂದರು, ಇಪ್ಪತ್ತಾರು ವರ್ಷದ ನಂತರ ಸಾಯುವ ತನಕ ಅದಕ್ಕೊಂದು ಮಾತು ಸೇರಿಸಲಿಲ್ಲ. ಈ ಕಸುಬೇ ಹಾಗೆ. ಬಾಯಿಬಿಟ್ಟು ಹೇಳಿದರೆ ವಿದ್ಯೆಯ ಮಾನ ಹೋಗುತ್ತದೆ, ಕಣ್ಣಿನಿಂದ ಕದ್ದು ಕಲಿತವನೇ ಗಟ್ಟಿಗ ಎಂದು ಎಲ್ಲರೂ ನಂಬಿದ್ದರು. ಇಸೊಬೆ ಕದ್ದು ಕಲಿತಿದ್ದ. ಅವನೂ ಅಳಿಯನಿಗೆ ಏನನ್ನೂ ಹೇಳಿಕೊಟ್ಟವನಲ್ಲ, ಅವನು ಹತ್ತಿರ ಬಂದರೆ ಬೆನ್ನು ತಿರುಗಿಸುತ್ತಿದ್ದ. ಐವತ್ತೈದು ದಾಟಿದ ಮೇಲೆ ಒಬ್ಬ ದೊಡ್ಡ ಮನುಷ್ಯ ನೊರಿಹಿಕೊನನ್ನು ಎದುರಿಗೆ ಕೂರಿಸಿಕೊಂಡು, ಅರ್ಥವಾಗುವ ಮಾತಿನಲ್ಲಿ, ಹೀಗೆ ಮಾಡು ಹಾಗೆ ಮಾಡು ಎಂದು ಹೇಳಿದ್ದರು. ಆವತ್ತು ಅವನು ಮನೆಗೆ ಬಂದು ಅತ್ತಿದ್ದ.

ಇಸೊಬೆಯನ್ನು ಒಪ್ಪಿಸಲು ಅವಳು ಹುರುಳಿಲ್ಲದ ಮಾತು ಆಡಲಿಲ್ಲ. ವ್ಯಾಪಾರ ಕುದುರಿಸಿದಳು. ನೀನು ಒಂದು ದಿನ ಬಂದು ತಲೆ ಬಾಗಿಸು, ಕ್ಯಾಮು ಬದಲಾಯಿಸುವುದು ನನ್ನ ಹೊಣೆ, ಬೇಕಾದರೆ ಮೊಹರನ್ನು ಕದ್ದಾದರೂ ಒತ್ತುತ್ತೇನೆ ಎಂದಳು. ಮುದುಕ ತುಂಬ ಹೊತ್ತು ಬೆರಳ ಸಂದಿಯ ಎಣ್ಣೆ ಒರೆಸಿಕೊಂಡ. ಕೊನೆಗೆ ಕೋಟು ಇದೆಯೋ ಹುಳು ತಿಂದಿದೆಯೋ ನೋಡಬೇಕು ಅಂದ.

ಕೋಟು ಇತ್ತು. ಹೆಂಡತಿಯ ಸಾವಿಗೆ ಹೊಲಿಸಿದ್ದು, ಈಗ ಭುಜದಲ್ಲಿ ಜೋಲುತ್ತಿತ್ತು. ಕ್ಯೋಟೋದ ಆ ಸಭಾಂಗಣದಲ್ಲಿ ಅವನು ಕಿಯೊಮಿಯ ಪಕ್ಕ ಮುಂದಿನ ಸಾಲಿನಲ್ಲಿ ಕೂತು, ಮಡಿಲಲ್ಲಿ ಎರಡೂ ಕೈಗಳನ್ನು ಮುಷ್ಟಿ ಮಾಡಿ ಇಟ್ಟುಕೊಂಡಿದ್ದ. ನೊರಿಹಿಕೊ ಚೆನ್ನಾಗಿಯೇ ಮಾತಾಡಿದ. ಬೆಳಗಿನ ಪಾಯಿಖಾನೆ, ಮಾವನ ಮೌನ, ಸ್ಪ್ಯಾನರ್ ಬೀಳಿಸುವ ಮುದುಕ, ಎಲ್ಲ ಬಂತು. ಮುದುಕ ಒಂದು ದಿನ ತಾನಾಗಿಯೇ ಬಂದು ಪಕ್ಕದಲ್ಲಿ ಮಂಡಿಯೂರಿ ತೊಳೆಯಲು ಕೈ ಹಾಕಿದ ಎಂಬುದೂ ಬಂತು. ಅದು ನಡೆದದ್ದೇ ಅಲ್ಲ. ಸಭೆಯಲ್ಲಿ ಮೂಗು ಸೀಟುವ ಸದ್ದು ಕೇಳಿಸಿತು. ಕಿಯೊಮಿ ನಾಚಿಕೆಯಿಂದ ನೆಲ ನೋಡುತ್ತಿದ್ದಳು. ಇಸೊಬೆಯ ಕಡೆ ತಿರುಗುವ ಧೈರ್ಯ ಅವಳಿಗೆ ಬರಲಿಲ್ಲ.

ಇಬ್ಬರನ್ನೂ ವೇದಿಕೆಯ ಮೇಲೆ ನಿಲ್ಲಿಸಿ ಬಾಗಿಸಿದರು, ಚಪ್ಪಾಳೆಯಾಯಿತು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಕುರ್ಚಿಯಲ್ಲಿ ಕೂತಿದ್ದ ತತ್ಸುನೊ ಅವರಿಗೆ ಇಸೊಬೆಯ ಮೇಲೆ ಪ್ರೀತಿ ಉಕ್ಕಿ, ಈ ಹಿರಿಯರ ಬಾಯಿಂದಲೂ ಒಂದು ಮಾತು ಕೇಳೋಣ ಎಂದರು. ಯಾರೋ ಮೈಕು ತಂದು ಇಸೊಬೆಯ ಬಾಯಿಗೆ ಹಿಡಿದರು. ಇಸೊಬೆ ಅದನ್ನು ನೋಡಿದ, ಸಭೆಯನ್ನು ನೋಡಿದ.

"ಮೂರನೇ ಯಂತ್ರದ ಕ್ಯಾಮು ಸವೆದಿದೆ" ಎಂದ. "ಫೆಬ್ರವರಿಯಿಂದ ಹೇಳ್ತಾ ಇದೀನಿ."

ನೊರಿಹಿಕೊನ ಕಿವಿ ಕೆಂಪಗಾದದ್ದು ಕೆಳಗೆ ಕೂತ ಕಿಯೊಮಿಗೂ ಕಂಡಿತು. ಅವಳಿಗೆ ಒಳಗೆಲ್ಲೋ ಅಬ್ಬ ಅನ್ನಿಸಿತು. ಅಂತೂ ಒಬ್ಬ ಹೇಳಿದ, ಆರು ನೂರು ಜನ ಕೇಳಿದರು, ಇನ್ನು ಯಾರೂ ಕೇಳಿಲ್ಲ ಅನ್ನುವಂತಿಲ್ಲ.

ತತ್ಸುನೊ ಅವರು ಕೋಲೂರಿ ಎದ್ದು ನಿಂತರು. ಅವರ ಕಣ್ಣು ತುಂಬಿತ್ತು.

"ಕೇಳಿದ್ರಾ?" ಎಂದರು. "ತನ್ನನ್ನ ಹೊಗಳೋ ಹೊತ್ತಲ್ಲೂ ಈ ಮನುಷ್ಯನಿಗೆ ಯಂತ್ರದ್ದೇ ಚಿಂತೆ. ನಾನು ಹನ್ನೆರಡು ನುಡಿ ಬರೆದೆ. ಇವರು ಒಂದೇ ಮಾತಲ್ಲಿ ಎಲ್ಲಾನೂ ಹೇಳ್ಬಿಟ್ರು. ಇದು ಹದಿಮೂರನೇದು."

ಆರು ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವನೊಬ್ಬ ಆಗಲೇ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದ. ಇಸೊಬೆ ಬಾಯಿ ತೆರೆದು ಇನ್ನೇನೋ ಹೇಳಲು ಹೋದ, ಮೈಕು ಅಷ್ಟರಲ್ಲಿ ಹೊರಟು ಹೋಗಿತ್ತು.

ವಾಪಸು ಬರುವ ರೈಲಿನಲ್ಲಿ ನೊರಿಹಿಕೊನ ಮುಖ ಮದುಮಗನ ಮುಖದಂತೆ ಹೊಳೆಯುತ್ತಿತ್ತು. ತತ್ಸುನೊ ಅವರು ತನ್ನ ಕೈ ಹಿಡಿದದ್ದನ್ನು ಮೂರು ಸಲ ಹೇಳಿದ. ಕಿಯೊಮಿ ಕ್ಯಾಮಿನ ಮಾತು ತೆಗೆದಳು. ನೋಡೋಣ, ನೋಡೋಣ ಅಂದ. ಎದುರಿನ ಸೀಟಿನಲ್ಲಿ ಇಸೊಬೆ ನಿಲ್ದಾಣದಲ್ಲಿ ಕೊಂಡ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ದಾರವನ್ನೂ ಬಿಚ್ಚದೆ ಕೂತಿದ್ದ. ಅವಳು ಕೊಟ್ಟ ಮಾತನ್ನು ಅವನು ನೆನಪಿಸಲಿಲ್ಲ, ನೆನಪಿಸಿದ್ದರೇ ಚೆನ್ನಾಗಿತ್ತು.

ಮರುದಿನ ಬೆಳಗ್ಗೆ ಅವಳು ಕೆಳಗೆ ಬರುವಷ್ಟರಲ್ಲಿ ಗೋಡೆಯ ಮೇಲೆ ಹೊಸ ಹಾಳೆ ಬಂದಿತ್ತು. ನೊರಿಹಿಕೊ ನಸುಕಿಗೇ ಎದ್ದು ಕುಂಚ ಹಿಡಿದು ಬರೆದಿದ್ದ. ಅಕ್ಷರ ಚೆನ್ನಾಗಿಯೇ ಇತ್ತು. ವ್ಯಾಯಾಮವಾಯಿತು, ಹನ್ನೆರಡೂ ಆದವು. ಆವತ್ತು ಇಸೊಬೆಯನ್ನು ಸಾಲಿನ ಮುಂದೆ, ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ್ದರು.

"ಹದಿಮೂರನೆಯ ನುಡಿ" ಎಂದ ನೊರಿಹಿಕೊ.

"ಮೂರನೇ ಯಂತ್ರದ ಕ್ಯಾಮು ಸವೆದಿದೆ" ಎಂದು ಆರು ಜನ ಎದೆ ಸೆಟೆಸಿ ಒಪ್ಪಿಸಿದರು. ಅವರ ಹಿಂದೆ ಮೂರನೇ ಯಂತ್ರ ತನ್ನ ಪಾಡಿಗೆ ಸ್ಪ್ರಿಂಗು ಉದುರಿಸುತ್ತಿತ್ತು. ಒತಾನಿಯ ತುಟಿ ಅದುರಿತು, ನಗುವೋ ಅಳುವೋ ತಿಳಿಯಲಿಲ್ಲ.

ಇಸೊಬೆ ಟೋಪಿ ತೆಗೆದ. ಕಿಯೊಮಿಯ ಕಡೆ ತಿರುಗಿ ಸೊಂಟದ ತನಕ ಬಾಗಿದ, ಅವಳ ಅಪ್ಪನ ಹೆಣದ ಮುಂದೆ ಬಾಗಿದ್ದಷ್ಟೇ ಆಳಕ್ಕೆ. ಆಮೇಲೆ ಬಾಗಿಲ ಕಡೆ ಹೆಜ್ಜೆ ಹಾಕಿದ.

"ನಿಂತ್ಕೊ ಮಾಮ" ಎಂದಳು ಕಿಯೊಮಿ. ತನ್ನ ದನಿ ಇಷ್ಟು ಗಟ್ಟಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಹೋಗೋದು ಇದ್ದೇ ಇದೆ. ಒಂದು ಮಾತು ಕೇಳಿ ಹೋಗು. ಇವರು ಮಾತೇ ಆಡ್ತಾರೆ, ಕೆಲ್ಸ ಮಾಡಲ್ಲ, ಸರಿ. ನೀನು? ಅಪ್ಪ? ಇಪ್ಪತ್ತೆಂಟು ವರ್ಷ ಈ ಮನುಷ್ಯ ನಿಮ್ಮ ಬೆನ್ನು ನೋಡ್ಕೊಂಡು ನಿಂತಿದ್ರು. ಒಂದಿನಾ ಆದ್ರೂ ತಿರುಗಿ, ಇದು ಹೀಗೆ ಅಂತ ಹೇಳಿದ್ರಾ ನೀವು? ಊರವರ ಹತ್ರ ಬುದ್ಧಿ ಬೇಡೋ ಹಾಗೆ ಮಾಡಿದ್ದು ಯಾರು?"

ಇಸೊಬೆ ಬಾಗಿಲಲ್ಲೇ ನಿಂತ. ಅವಳು ಗಂಡನ ಕಡೆ ತಿರುಗಿದಳು. "ನೀವು ಹೇಳಿ. ಎಂಟು ತಿಂಗಳು. ಎರಡು ದಿನ ನಿಲ್ಸಿದ್ರೆ ಆಗೋ ಕೆಲ್ಸ. ನುಡಿ ಬೇಡ, ನಂಬರ್ ಬೇಡ. ಯಾಕೆ ಮಾಡ್ಲಿಲ್ಲ, ಅದನ್ನ ಹೇಳಿ."

ನೊರಿಹಿಕೊ ಕೈಯಲ್ಲಿದ್ದ ಪುಸ್ತಕ ನೋಡಿದ. ಗೋಡೆಯ ಹಾಳೆ ನೋಡಿದ. ಕೆಲಸಗಾರರು ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಅವನ ಬಾಯಿಂದ ಇನ್ನೇನು ಒಂಬತ್ತನೆಯದೋ ನಾಲ್ಕನೆಯದೋ ಬರುತ್ತದೆ, ಬಂದರೆ ತಾನೂ ಇಸೊಬೆಯ ಹಿಂದೆಯೇ ಹೊರಟು ಬಿಡುತ್ತೇನೆ ಎಂದು ಕಿಯೊಮಿ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

"ಕ್ಯಾಮು ಅಂದ್ರೆ ಯಾವುದು ಅಂತ ನಂಗೆ ಗೊತ್ತಿಲ್ಲ" ಎಂದ ನೊರಿಹಿಕೊ.

ಯಾರೂ ತಲೆಯೆತ್ತಲಿಲ್ಲ. ಅವನು ಇನ್ನಷ್ಟು ಸಣ್ಣ ದನಿಯಲ್ಲಿ, ಮೊದಲ ವರ್ಷ ಕೇಳಬಹುದಿತ್ತು, ಆಮೇಲೆ ಕೇಳುವ ಕಾಲ ಮೀರಿತು, ಯಜಮಾನನಾದ ಮೇಲೆ ಕೇಳುವುದೆಂತು ಎಂದ. ಕಾಗದಕ್ಕೆ ಮೊಹರು ಒತ್ತಿದರೆ ಕಡೆತದವನು ಬಂದು ಯಾವ ಅಳತೆ ಎಂದು ತನ್ನನ್ನೇ ಕೇಳಿದರೆ ಏನು ಹೇಳಲಿ ಎಂದ. ಅಷ್ಟು ಹೇಳಿ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಶಿಕ್ಷೆಗೆ ನಿಂತವನ ಹಾಗೆ ನಿಂತ.

ಕಿಯೊಮಿಗೆ ಸಿಟ್ಟು ಇಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಇಷ್ಟನ್ನು ತನಗೂ ಹೇಳಲಾರದೆ ಹೋದನೇ ಎಂದು ಅದು ಇನ್ನೊಂದು ಹಿಡಿ ಹೆಚ್ಚಾಯಿತು. ಇಸೊಬೆ ಇರುತ್ತೇನೆಂದಿದ್ದ ತಿಂಗಳು ಮುಗಿಯಲು ಇನ್ನು ಹತ್ತು ದಿನ ಇತ್ತು.

ಇಸೊಬೆ ಬಾಗಿಲಿನಿಂದ ಬಂದ. ಯಾರ ಮುಖವನ್ನೂ ನೋಡದೆ ಮೂರನೇ ಯಂತ್ರದ ಗುಂಡಿ ಒತ್ತಿ ನಿಲ್ಲಿಸಿದ. ಪಕ್ಕದ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ ಕಿಸೆಗೆ ಹಾಕಿಕೊಂಡ. ಮುಚ್ಚಳವನ್ನು ಗೋಡೆಗೆ ಒರಗಿಸಿದ.

"ಬನ್ನಿ ಇಲ್ಲಿ" ಎಂದ. "ಕೈ ಕೊಡಿ."

ನೊರಿಹಿಕೊ ಹೋದ. ಮುದುಕ ಅವನ ತೋರುಬೆರಳನ್ನು ಹಿಡಿದು ಒಳಗಿನ ಬಿಲ್ಲೆಯ ಅಂಚಿನ ಮೇಲಿಟ್ಟು, ಇನ್ನೊಂದು ಕೈಯಿಂದ ಚಕ್ರವನ್ನು ನಿಧಾನವಾಗಿ ತಿರುಗಿಸಿದ. ಬಿಲ್ಲೆ ಬೆರಳಿನ ಕೆಳಗೆ ಒಂದು ಸುತ್ತು ಬಂತು.

"ಗೊತ್ತಾಯ್ತಾ?"

ನೊರಿಹಿಕೊ ಕಣ್ಣು ಮುಚ್ಚಿಕೊಂಡಿದ್ದ. ಹೂಂ ಅಂದುಬಿಡುವುದು ಅವನಿಗೆ ಚೆನ್ನಾಗಿ ರೂಢಿಯಿತ್ತು.

"ಇಲ್ಲ" ಎಂದ.

ಇಸೊಬೆ ಗೊಣಗಿದ. ಬಿಲ್ಲೆ ಸವೆದ ಜಾಗವನ್ನು ಬಾಯಲ್ಲಿ ಹೇಳಲು ಹೊರಟು, "ಅದು, ಅಲ್ಲಿ, ಸ್ವಲ್ಪ ಹೀಗೆ" ಎಂದು ತಡವರಿಸಿ, ಮಾತು ಸಿಗದೆ ಸುಮ್ಮನಾದ. ಬೆರಳನ್ನು ಹಿಂದಕ್ಕೆಳೆದು ಮತ್ತೆ ಮೊದಲಿನ ಜಾಗದಲ್ಲಿಟ್ಟ. ಕೆಲಸಗಾರರು ಇನ್ನೂ ಸಾಲಿನಲ್ಲೇ ಇದ್ದರು, ಹೋಗಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಚಕ್ರ ತಿರುಗಿತು. ಕರಿ ಎಣ್ಣೆ ನೊರಿಹಿಕೊನ ಬೆರಳಿನಿಂದ ಮಣಿಕಟ್ಟಿಗೆ, ಅಲ್ಲಿಂದ ಬಿಳಿ ಅಂಗಿಯ ತೋಳಿಗೆ ಇಳಿಯುತ್ತಿತ್ತು.